ಓದಲು ಬರುವ ನಾಣ್ಯವನ್ನೇ ಕೊಳ್ಳಿ

1862ನೇ ಇಸವಿ ಹೊತ್ತ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿಗೆ ನೂರಾ ಅರವತ್ತು ವರ್ಷ ದಾಟಿವೆ. ಆದರೂ ಅದು ಅಪರೂಪದ ನಾಣ್ಯವೇನಲ್ಲ. ನವಲಗುಂದದಿಂದ ಕಲಘಟಗಿವರೆಗೆ ಎಷ್ಟೋ ಮನೆಗಳಲ್ಲಿ ದೇವರ ಜಗಲಿಯ ಮೇಲೋ ಟ್ರಂಕಿನ ತಳದಲ್ಲೋ ಅಂಥ ಒಂದೆರಡು ರೂಪಾಯಿ ಇದ್ದೇ ಇರುತ್ತವೆ. ಅದರ ಮುಂದೆ 1939ರ ಆರನೇ ಜಾರ್ಜ್ ರೂಪಾಯಿ ಮೊನ್ನೆ ಮೊನ್ನೆಯದು. ಆದರೆ ಅದು ಅಸಲಿಯಾಗಿ ಸಿಕ್ಕರೆ ಹರಾಜಿನಲ್ಲಿ ಸುದ್ದಿಯಾಗುತ್ತದೆ. ಇದಕ್ಕೆ ಕಾರಣವಿದೆ. 1862ರ ಅಚ್ಚಿನಲ್ಲಿ ಇಸವಿಯನ್ನು ಬದಲಿಸದೆ 1874ರವರೆಗೂ ಕೋಟಿಗಟ್ಟಲೆ ರೂಪಾಯಿ ಹೊಡೆದರು. 1939ರಲ್ಲಿ ಯುದ್ಧ ಶುರುವಾಯಿತು, ಜನ ಬೆಳ್ಳಿಯನ್ನು ಬಚ್ಚಿಡತೊಡಗಿದರು, ಮರುವರ್ಷವೇ ಸರಕಾರ ರೂಪಾಯಿಯಲ್ಲಿನ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು, 1939ರ ಹೆಚ್ಚು ಬೆಳ್ಳಿಯ ರೂಪಾಯಿಗಳಲ್ಲಿ ಬಹುತೇಕ ಕುಲುಮೆಗೆ ಹೋದವು. ಹಳೆಯದು ಅಂದ ಮಾತ್ರಕ್ಕೆ ಬೆಲೆಬಾಳುವುದು ಅನ್ನುವ ನಂಬಿಕೆ ಈ ಎರಡು ರೂಪಾಯಿಗಳ ಮುಂದೆ ನಿಲ್ಲುವುದಿಲ್ಲ.

ನಾಣ್ಯ ಸಂಗ್ರಹದ ಹವ್ಯಾಸಕ್ಕೆ ಹೊಸದಾಗಿ ಕೈ ಹಾಕಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮೂರೇ. ಎಷ್ಟು ಹಳೆಯದು, ಎಷ್ಟು ವಿರಳ, ಎಷ್ಟು ಬೆಳ್ಳಿ ಅಥವಾ ಬಂಗಾರ. ಮೂರೂ ತಪ್ಪು ಪ್ರಶ್ನೆಗಳಲ್ಲ. ಆದರೆ ಮೂರಕ್ಕೂ ಉತ್ತರ ಕೊಡುವವನು ಮಾರುವವನೇ. ಕೊಳ್ಳುವವನು ಅವನ ಮಾತನ್ನು ನಂಬಬೇಕು, ಇಲ್ಲವೇ ಬಿಡಬೇಕು. ಇವಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ: ಈ ನಾಣ್ಯದ ಬಗ್ಗೆ ಹೇಳುತ್ತಿರುವುದರಲ್ಲಿ ಎಷ್ಟನ್ನು ನಾನೇ ಪರೀಕ್ಷಿಸಿ ನೋಡಬಲ್ಲೆ? ಅದರ ಮೇಲಿನ ಅಕ್ಷರ, ಇಸವಿ, ಟಂಕಸಾಲೆಯ ಗುರುತು, ತೂಕ, ಅಂಚು, ಅದು ಯಾರ ಕೈಯಿಂದ ಬಂತು ಅನ್ನುವ ವಿವರ, ಇವುಗಳಲ್ಲಿ ಎಷ್ಟು ತಿಳಿಯುತ್ತದೋ ಅಷ್ಟು ಆ ನಾಣ್ಯ ಕೊಳ್ಳಲು ಯೋಗ್ಯ. ಕೊಳ್ಳುವವನಿಗೆ ಓದಲು ಬಾರದ ನಾಣ್ಯ ಎಷ್ಟೇ ವಿರಳವಾಗಿದ್ದರೂ ಅವನ ಪಾಲಿಗೆ ಅದು ಬರೀ ಲೋಹದ ಬಿಲ್ಲೆ. ಈ ಮಾತಿಗೆ ಧಾರವಾಡ ಸೀಮೆಯಲ್ಲೇ ಬೇಕಾದಷ್ಟು ಆಧಾರಗಳಿವೆ.

ಮೊದಲನೆಯ ಆಧಾರ ಒಬ್ಬ ಪರದೇಶಿ ಸಂಗ್ರಾಹಕ. ವಾಲ್ಟರ್ ಎಲಿಯಟ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ಯುವ ಅಧಿಕಾರಿ 1820ರ ದಶಕದಲ್ಲಿ ಧಾರವಾಡದಲ್ಲಿ ಕಲೆಕ್ಟರ್ ಥ್ಯಾಕರೆಯ ಕೈಕೆಳಗೆ ಸಹಾಯಕನಾಗಿದ್ದ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕಾಳಗದಲ್ಲಿ ಥ್ಯಾಕರೆ ಸತ್ತಾಗ ಎಲಿಯಟ್ ಮತ್ತು ಇನ್ನೊಬ್ಬ ಸಹಾಯಕ ಸ್ಟೀವನ್‌ಸನ್ ರಾಣಿ ಚೆನ್ನಮ್ಮನ ಸೆರೆಯಾಳುಗಳಾದರು. ಬಿಡುಗಡೆಯಾದ ಮೇಲೂ ಎಲಿಯಟ್ ಹಲವು ವರ್ಷ ಈ ಸೀಮೆಯಲ್ಲೇ ಇದ್ದು ಊರೂರಿನ ಶಾಸನಗಳ ನಕಲು ಮಾಡಿಸಿದ, ಹಾಗೆ ಕೂಡಿಸಿದ ಶಾಸನಗಳ ಸಂಖ್ಯೆ ಐನೂರು ದಾಟಿತು. ಜೊತೆಗೆ ನಾಣ್ಯಗಳನ್ನೂ ಕೂಡಿಸಿದ. ಕೊನೆಗಾಲದಲ್ಲಿ ದೃಷ್ಟಿ ಹೋಗಿದ್ದರೂ ದಕ್ಷಿಣ ಭಾರತದ ನಾಣ್ಯಗಳ ಮೇಲೆ ಆತ ಸಿದ್ಧಪಡಿಸಿದ ಪುಸ್ತಕ 1880ರ ದಶಕದಲ್ಲಿ ಹೊರಬಂತು. ಎಲಿಯಟ್‌ನ ಸಂಗ್ರಹ ದೊಡ್ಡದಾದದ್ದು ಹಣದ ಬಲದಿಂದಲ್ಲ, ಕೈಯಲ್ಲಿದ್ದ ಶಾಸನಗಳ ಬಲದಿಂದ. ಅಣ್ಣಿಗೇರಿ, ಲಕ್ಕುಂಡಿ ಸುತ್ತಿನ ಕಲ್ಬರಹಗಳಲ್ಲಿ ದೇವಾಲಯಕ್ಕೆ ಬಿಟ್ಟ ದಾನದ ಲೆಕ್ಕ ಗದ್ಯಾಣ, ಪಣ, ಹಾಗ, ವೀಸಗಳಲ್ಲಿದೆ. ಲೊಕ್ಕಿಗುಂಡಿಯ, ಅಂದರೆ ಲಕ್ಕುಂಡಿಯ, ಹೆಸರು ಹೊತ್ತ ‘ಲೊಕ್ಕಿ ಗದ್ಯಾಣ’ವೂ ಶಾಸನಗಳಲ್ಲಿ ಬರುತ್ತದೆ. ಚಾಲುಕ್ಯ ಅರಸ ಯಾರು, ಯಾವಾಗ ಆಳಿದ ಅನ್ನುವುದು ಶಾಸನದಿಂದ ಗೊತ್ತಾದ ಮೇಲೇ ಆತನ ಬಿರುದು ಒತ್ತಿದ ಚಿನ್ನದ ತುಣುಕಿಗೆ ಅರ್ಥ ಬಂತು. ಎಲಿಯಟ್ ಕೂಡಿಸಿದ ನಾಣ್ಯಗಳಲ್ಲಿ ಅನೇಕವು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅದು ನಮಗೆ ನೋವಿನ ಸಂಗತಿ. ಆದರೆ ಪಕ್ಕದ ಶಾಸನವನ್ನು ಓದಿ ನಾಣ್ಯವನ್ನು ನೋಡುವ ಆತನ ಕ್ರಮವನ್ನು ಯಾರೂ ಹಡಗಿನಲ್ಲಿ ಒಯ್ದಿಲ್ಲ.

ಆ ಕ್ರಮ ಇವತ್ತಿನ ಕೊಳ್ಳುವಿಕೆಗೆ ಹೇಗೆ ಒದಗುತ್ತದೆ ಅನ್ನುವುದಕ್ಕೆ ಟಿಪ್ಪು ಸುಲ್ತಾನನ ತಾಮ್ರದ ಪೈಸೆ ಒಳ್ಳೆಯ ಉದಾಹರಣೆ. ಒಂದು ಮುಖದಲ್ಲಿ ಆನೆ, ಇನ್ನೊಂದರಲ್ಲಿ ಪರ್ಶಿಯನ್ ಅಕ್ಷರದಲ್ಲಿ ಟಂಕಸಾಲೆಯ ಹೆಸರು. ತನ್ನ ಎಷ್ಟೋ ಊರುಗಳಿಗೆ ಹೊಸ ಹೆಸರಿಟ್ಟ ಟಿಪ್ಪು ಧಾರವಾಡವನ್ನು ನಾಣ್ಯದ ಮೇಲೆ ‘ಖುರ್ಷೇದ್ ಸವಾದ್’ ಎಂದು ಕರೆದ. ನಮ್ಮ ಜಿಲ್ಲೆಯ ಕೇಂದ್ರದಲ್ಲೇ ಅಚ್ಚಾದ ನಾಣ್ಯವೆಂದರೆ ಇಲ್ಲಿನ ಸಂಗ್ರಾಹಕನಿಗೆ ಆಸೆ ಹುಟ್ಟುವುದು ಸಹಜ, ಹುಟ್ಟಬೇಕಾದದ್ದೇ. ಈ ಆಸೆಯನ್ನು ಬಲ್ಲ ಮಾರಾಟಗಾರರು ಯಾವುದೇ ಆನೆ ಪೈಸೆಯನ್ನು ‘ಧಾರವಾಡದ್ದು’ ಎಂದು ಹೇಳಿ ಕೊಟ್ಟಾರು. ಆಗ ಎರಡು ಸಂಗತಿ ಗೊತ್ತಿದ್ದರೆ ಸಾಕು. ಟಿಪ್ಪು 1787ರ ಸುಮಾರಿಗೆ ಹಿಜರಿ ಬಿಟ್ಟು ಮೌಲೂದಿ ಶಕೆಯನ್ನು ತಂದ, ಅದರ ಎಣಿಕೆ 1215ರಿಂದ ಶುರುವಾಗುತ್ತದೆ, ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದು ಒಂದು. 1791ರ ಏಪ್ರಿಲಿನಲ್ಲಿ ಧಾರವಾಡದ ಕೋಟೆ ಪರಶುರಾಮ ಭಾವೂನ ಮರಾಠಾ ಸೈನ್ಯದ ಕೈಸೇರಿತು, ಮತ್ತೆ ಟಿಪ್ಪುವಿಗೆ ಮರಳಲಿಲ್ಲ ಅನ್ನುವುದು ಇನ್ನೊಂದು. ಇವೆರಡನ್ನೂ ಕೂಡಿಸಿ ನೋಡಿ. ಮೌಲೂದಿ 1216, 1217, 1218ರಂಥ ಇಸವಿ ಸರಿಹೊಂದುತ್ತದೆ. 1222 ಎಂದೋ 1225 ಎಂದೋ ಇದ್ದರೆ ಅದು ಟಿಪ್ಪುವಿನ ಬೇರೆ ಊರಿನ ಪೈಸೆಯಾಗಿರಬೇಕು, ಇಲ್ಲವೇ ಈಚೆಗೆ ಎರಕ ಹೊಯ್ದ ನಕಲಿ. ಪರ್ಶಿಯನ್ ಗೊತ್ತಿಲ್ಲದವರೂ ಹತ್ತು ಅಂಕಿಗಳ ರೂಪವನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಹಾಗೆ ಕಲಿತು ಕೊಂಡ ಪೈಸೆ ಸವೆದು ಆನೆಯ ಸೊಂಡಿಲು ಮಸುಕಾಗಿದ್ದರೂ, ಏನೂ ತಿಳಿಯದೆ ಕೊಂಡ ಚಿನ್ನದ ಹೊನ್ನಿಗಿಂತ ಅದೇ ಮೇಲು.

ಆದರೆ ಶುರುವಿನ ಖರೀದಿಗೆ ಟಿಪ್ಪು ಪೈಸೆ ಬೇಡ. ಅದು ಎರಡನೆಯದೋ ಐದನೆಯದೋ ಆಗಲಿ. ಕೈಯಿಂದ ಮಾಡಿದ ಅಚ್ಚಿನ ನಾಣ್ಯಗಳಲ್ಲಿ ಒಂದಿನ್ನೊಂದರಂತೆ ಇರುವುದಿಲ್ಲ, ನಕಲಿ ಹಿಡಿಯಲು ಕಣ್ಣು ಪಳಗಿರಬೇಕು. ಕಣ್ಣು ಪಳಗಿಸಲು ಬೆಳ್ಳಿ ರೂಪಾಯಿಯಷ್ಟು ಒಳ್ಳೆಯ ಪಾಠ ಬೇರೆ ಇಲ್ಲ, ಏಕೆಂದರೆ ಯಂತ್ರದಲ್ಲಿ ಅಚ್ಚಾದ ಅದರ ಲೆಕ್ಕ ಚಾಚೂ ತಪ್ಪದು. 1835ರಲ್ಲಿ ಕಂಪನಿ ಇಡೀ ತನ್ನ ಸೀಮೆಗೆ ಒಂದೇ ರೂಪಾಯಿ ತಂದಿತು. ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ನಮ್ಮ ಹಿರಿಯರ ಒಂದು ತೊಲಿ ಅಂದರೆ ಇದೇ ತೂಕ, ರೂಪಾಯಿಯನ್ನೇ ತಕ್ಕಡಿಗಿಟ್ಟು ಬಂಗಾರ ತೂಗಿದ ಕಾಲವೊಂದಿತ್ತು. ಈಗ ಊರಿನ ಪತ್ತಾರರ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಆ ರೂಪಾಯಿ ಇಟ್ಟು ನೋಡಿ. ಸವೆದು 11.4 ತೋರಿಸಿದರೆ ಆತಂಕವಿಲ್ಲ. ಅಂಚಿನ ಗೆರೆಗಳೆಲ್ಲ ಚೂಪಾಗಿದ್ದೂ 10 ಗ್ರಾಂ ತೋರಿಸಿದರೆ ಕೆಳಗಿಟ್ಟು ಎದ್ದು ಬನ್ನಿ. ಆಯಸ್ಕಾಂತ ಹಿಡಿದು ನೋಡಿ, ಬೆಳ್ಳಿ ಅಂಟುವುದಿಲ್ಲ. ಆದರೆ 1947ರ ಹುಲಿ ಚಿತ್ರದ ರೂಪಾಯಿ ಅಂಟುತ್ತದೆ, ಅಂಟಲೇಬೇಕು, ಯಾಕಂದರೆ ಅದು ನಿಕಲ್. ಅದನ್ನು ‘ಸ್ವಾತಂತ್ರ್ಯದ ವರ್ಷದ ಬೆಳ್ಳಿ ರೂಪಾಯಿ’ ಎಂದು ಮಾರುವವರಿದ್ದಾರೆ. 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಅರ್ಧ ಮಾತ್ರ, ಆದ್ದರಿಂದ ಅದನ್ನು 1918ರ ರೂಪಾಯಿಯ ದರಕ್ಕೆ ಕೊಳ್ಳುವುದು ನಷ್ಟ. ಇಷ್ಟನ್ನೂ ಇಸವಿ ಓದುವುದರಿಂದಲೇ ತಿಳಿಯಬಹುದು.

ಆಮೇಲೆ ಅಂಚನ್ನು ಹತ್ತಿರ ಹಿಡಿದು ನಿಧಾನವಾಗಿ ತಿರುಗಿಸಿ. ನಮ್ಮ ಭಾಗದಲ್ಲಿ ಇದು ಬಹಳ ಮುಖ್ಯ. ಬೆಳ್ಳಿ ರೂಪಾಯಿಯನ್ನು ಇಲ್ಲಿ ಬರೀ ರೊಕ್ಕವಾಗಿ ಬಳಸಲಿಲ್ಲ. ಸರಕ್ಕೆ ಪೋಣಿಸಿದರು, ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳು ಉಡುಪಿನ ಮೇಲೆ ಹೊಲಿದುಕೊಂಡರು. ಹಾಗೆ ಕುಣಿಕೆ ಬೆಸೆದ ನಾಣ್ಯದ ಅಂಚಿನಲ್ಲಿ, ಸಾಮಾನ್ಯವಾಗಿ ರಾಣಿಯ ತಲೆಯ ನೇರ ಮೇಲೆ, ಎರಡು ಮೂರು ಗೆರೆಗಳಷ್ಟು ಜಾಗ ನುಣುಪಾಗಿರುತ್ತದೆ. ಸುತ್ತಲಿನ ಬಣ್ಣಕ್ಕಿಂತ ಅಲ್ಲಿ ಬೂದು ಬಣ್ಣ, ಕೆಲವೊಮ್ಮೆ ಬೆಸುಗೆಯ ಸಣ್ಣ ಉಬ್ಬು. ಕುಣಿಕೆ ತೆಗೆಸಿ ಉಜ್ಜಿ ಮಾರಿದ ಇಂಥ ರೂಪಾಯಿಗೆ ಸಂಗ್ರಾಹಕರ ಪೇಟೆಯಲ್ಲಿ ಬೆಳ್ಳಿಯ ಬೆಲೆಯಷ್ಟೇ ಬರುತ್ತದೆ. ಕುಣಿಕೆ ಸಮೇತ ಆಭರಣವಾಗಿಯೇ ಉಳಿದಿದ್ದರೆ ಆ ಮಾತು ಬೇರೆ. ಅದು ಒಂದು ಸಮುದಾಯದ ಕುಶಲಕಲೆಯ ದಾಖಲೆ, ಅದನ್ನು ಬಿಚ್ಚಿಸುವುದು ಎರಡೂ ಕಡೆಯಿಂದ ಹಾನಿ. ಎರಡನೆಯ ಅಪಾಯ ಹುಣಸೆಹಣ್ಣಿನದು. ದೀಪಾವಳಿಯ ಲಕ್ಷ್ಮೀಪೂಜೆಗೆ ಮುಂಚೆ ಮನೆಯ ಬೆಳ್ಳಿ ರೂಪಾಯಿಗಳನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವ ರೂಢಿ ಇದೆ. ಫಳಫಳ ಹೊಳೆಯುವ ಆ ನಾಣ್ಯದ ಮೇಲೆ ಭೂತಗನ್ನಡಿ ಹಿಡಿದರೆ ಒಂದೇ ದಿಕ್ಕಿಗೆ ಸಾಗುವ ಸಾವಿರ ಸಣ್ಣ ಗೀರುಗಳು ಕಾಣುತ್ತವೆ. ಮಾಸಿದ ಕಪ್ಪು ಬಣ್ಣ ಬೆಳ್ಳಿಯ ಮೇಲೆ ಕಾಲವೇ ಹಚ್ಚಿದ ಪದರ. ಒಮ್ಮೆ ತಿಕ್ಕಿ ತೆಗೆದರೆ ಮತ್ತೆ ಬಾರದು. ಪೂಜೆಯ ರೂಪಾಯಿ ಪೂಜೆಗಿರಲಿ, ಸಂಗ್ರಹದ ರೂಪಾಯಿಯನ್ನು ತೊಳೆಯದೆ ಇಡಿ, ಕೊಳ್ಳುವಾಗಲೂ ಹೊಳಪಿಗೆ ಮರುಳಾಗದೆ ಮಾಸಿದ್ದನ್ನೇ ಆರಿಸಿ.

ಬೆಳ್ಳಿಗೆ ಹಣ ಹಾಕುವ ಮನಸ್ಸಿಲ್ಲದವರಿಗೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳಿವೆ. ಅವುಗಳಲ್ಲಿ ಆನೆಯೋ ಸಿಂಹವೋ ಇರುತ್ತದೆ, ‘ಶ್ರೀ ಚಾಮುಂಡಿ’, ‘ಮಯಿಲಿ ಕಾಸು’ ಎಂಬ ಕನ್ನಡ ಬರಹವಿರುತ್ತದೆ. 1843ರವರೆಗೆ ಅಚ್ಚಾದ ಈ ಕಾಸುಗಳು ಈಗಲೂ ವ್ಯಾಪಾರಿಗಳಲ್ಲಿ ಸುಲಭವಾಗಿ ಸಿಗುತ್ತವೆ. ಧಾರವಾಡ ಸೀಮೆ ಆಗ ಬೊಂಬಾಯಿ ಪ್ರಾಂತದಲ್ಲಿತ್ತು ನಿಜ. ಆದರೆ ಕನ್ನಡ ಓದಬಲ್ಲ ಹುಡುಗ ಯಾರ ನೆರವೂ ಇಲ್ಲದೆ ಓದಬಲ್ಲ ಹಳೆಯ ನಾಣ್ಯ ಇದಕ್ಕಿಂತ ಅಗ್ಗಕ್ಕೆ ಸಿಗುವುದು ಕಷ್ಟ. ಶಾಲೆಯ ಮಕ್ಕಳು ಖರ್ಚಿಲ್ಲದೆಯೇ ಶುರು ಮಾಡಬಹುದು. ಒಂದೇ ವರ್ಷದ ಎರಡು ರೂಪಾಯಿ ನಾಣ್ಯಗಳಲ್ಲಿ ಇಸವಿಯ ಕೆಳಗೆ ವಜ್ರಾಕೃತಿ ಇದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೊಯಿಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. 2006ರಲ್ಲಿ ಬಸವೇಶ್ವರರ ನೆನಪಿಗೆ ಬಂದ 5 ರೂಪಾಯಿಯನ್ನು ಚಿಲ್ಲರೆಯಲ್ಲಿ ಹುಡುಕಿ ತೆಗೆದವನಿಗೆ ಸಿಗುವ ಖುಷಿ ದುಡ್ಡು ಕೊಟ್ಟು ತಂದವನಿಗೆ ಸಿಗುವುದಿಲ್ಲ.

ಓದದೆ ಕೊಂಡರೆ ಏನಾಗುತ್ತದೆ ಅನ್ನುವುದಕ್ಕೂ ಸಾಕ್ಷಿ ಬೇಕಾದಷ್ಟಿದೆ. ಜಾತ್ರೆಯ ಅಂಗಡಿಗಳಲ್ಲಿ, ಮೊಬೈಲಿನ ಜಾಹೀರಾತುಗಳಲ್ಲಿ ರಾಮ, ಸೀತೆ, ಹನುಮಂತನ ಚಿತ್ರವಿರುವ ‘ಈಸ್ಟ್ ಇಂಡಿಯಾ ಕಂಪನಿ’ಯ ತಾಮ್ರದ ನಾಣ್ಯ ಓಡಾಡುತ್ತದೆ. ಮೇಲೆ 1616, 1717, 1818 ಎಂಬ ಇಸವಿ, ‘ಅರ್ಧ ಆಣೆ’ ಅಥವಾ ‘ಒಂದು ಆಣೆ’ ಎಂಬ ಇಂಗ್ಲಿಷ್ ಬರಹ. 1616ರಲ್ಲಿ ಆ ಕಂಪನಿಗೆ ಸೂರತ್ತಿನಂಥ ಕಡೆ ವ್ಯಾಪಾರದ ಕೋಠಿಗಳಿದ್ದವೇ ಹೊರತು ಆಣೆ ಅಚ್ಚು ಹಾಕಿಸುವ ಅಧಿಕಾರವಿರಲಿಲ್ಲ. ಕಂಪನಿಯ ಸೀಮೆಗೆಲ್ಲ ಒಂದೇ ಬಗೆಯ ಆಣೆಯ ನಾಣ್ಯ ಬಂದದ್ದೇ 1835ರಲ್ಲಿ. ಕಂಪನಿ ರಾಮದರ್ಬಾರಿನ ನಾಣ್ಯ ಹೊಡೆಸಿದ್ದಿಲ್ಲ. ಇವು ಭಕ್ತರಿಗಾಗಿ, ಯಾತ್ರಿಕರಿಗಾಗಿ ಯಾರೋ ಮಾಡಿದ ಪದಕಗಳು. ಪೂಜೆಗೆ ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ, ನಾಣ್ಯವೆಂದು ಮಾತ್ರ ಯಾರೂ ಸಾವಿರಗಟ್ಟಲೆ ಕೊಡಬಾರದು. ಇದೇ ತಾಮ್ರದ ತುಂಡಿಗೆ ಅಕ್ಕಿ ಎಳೆಯುವ ಶಕ್ತಿ ಇದೆ ಎಂದು ನಂಬಿಸಿ ‘ರೈಸ್ ಪುಲ್ಲಿಂಗ್’ ಹೆಸರಿನಲ್ಲಿ ಹಳ್ಳಿಯವರ ಹೊಲಮನೆ ಮಾರಿಸಿದ ವಂಚಕರಿದ್ದಾರೆ. ವೈಷ್ಣೋದೇವಿಯ ಚಿತ್ರದ 5 ಮತ್ತು 10 ರೂಪಾಯಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಳಿಸಿ ಎನ್ನುವ ಕರೆಗಳೂ ಅದೇ ಜಾತಿಯವು. ತನ್ನ ಹೆಸರು ಹೇಳಿಕೊಂಡು ಹಳೆ ನಾಣ್ಯ, ನೋಟುಗಳ ವ್ಯವಹಾರಕ್ಕೆ ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಎಚ್ಚರಿಕೆ ಕೊಟ್ಟಿತ್ತು. ಬ್ಯಾಂಕು ಅಂಥ ವ್ಯವಹಾರ ಮಾಡುವುದೂ ಇಲ್ಲ, ಅದಕ್ಕೆ ಶುಲ್ಕ ಕೇಳುವುದೂ ಇಲ್ಲ.

ಇಲ್ಲಿಗೆ ಒಂದು ಆಕ್ಷೇಪ ಬರುತ್ತದೆ. ಇಷ್ಟೆಲ್ಲ ಓದಿ ಕೊಂಡ ಸಾಧಾರಣ ನಾಣ್ಯದಿಂದ ಲಾಭವೇನು, ಬೆಳ್ಳಿಯ ದರ ಏರುತ್ತಿರುವಾಗ ಹೆಚ್ಚು ಬೆಳ್ಳಿ ಇರುವುದನ್ನು ಕೊಳ್ಳುವುದೇ ಜಾಣತನವಲ್ಲವೇ? ಬೆಳ್ಳಿಗಾಗಿಯೇ ಕೊಳ್ಳುವುದಾದರೆ ನಾಣ್ಯವೇ ಬೇಡ, ಬೆಳ್ಳಿಯ ಗಟ್ಟಿ ಕೊಳ್ಳಿ. ನಾಣ್ಯದಲ್ಲಿ ವ್ಯಾಪಾರಿಯ ಲಾಭಾಂಶ ಸೇರಿರುತ್ತದೆ, ಮಾರುವಾಗ ಅದು ಮರಳುವುದಿಲ್ಲ. ಸರಕಾರಿ ಟಂಕಸಾಲೆಗಳು ಮಾರುವ ಸ್ಮರಣಾರ್ಥ ನಾಣ್ಯಗಳಿಗೂ ಈ ಮಾತು ಸಲ್ಲುತ್ತದೆ. 2023ರಲ್ಲಿ ಹೊಸ ಸಂಸತ್ ಭವನದ ಹೆಸರಲ್ಲಿ ಬಂದ 75 ರೂಪಾಯಿ ನಾಣ್ಯದ ತೂಕ 35 ಗ್ರಾಂ, ಅದರಲ್ಲಿ ಬೆಳ್ಳಿ ಅರ್ಧ ಮಾತ್ರ. ಇಷ್ಟವಾದರೆ ಕೊಳ್ಳಿ, ಮಗಳ ಮದುವೆಯ ಖರ್ಚಿಗೆ ಒದಗುತ್ತದೆ ಎಂದು ಕೊಳ್ಳಬೇಡಿ. ಇನ್ನು ಮರುಮಾರಾಟದ ವಿಷಯದಲ್ಲೂ ಓದಿ ಕೊಂಡವನೇ ಗೆಲ್ಲುತ್ತಾನೆ. 1911ರ ಐದನೇ ಜಾರ್ಜ್ ರೂಪಾಯಿಯನ್ನೇ ತೆಗೆದುಕೊಳ್ಳಿ. ರಾಜನ ನಿಲುವಂಗಿಯ ಮೇಲಿನ ಪುಟ್ಟ ಆನೆ ಹಂದಿಯಂತೆ ಕಾಣುತ್ತದೆ ಎಂದು ಜನ ಸಿಟ್ಟಾದರು. ಸರಕಾರ ಹೆಚ್ಚಿನ ನಾಣ್ಯಗಳನ್ನು ಹಿಂದಕ್ಕೆ ಪಡೆದು ಕರಗಿಸಿತು, 1912ರಲ್ಲಿ ಚಿತ್ರವನ್ನು ತಿದ್ದಿಸಿತು. ಆ ಸಣ್ಣ ಸೊಂಡಿಲಿನ ವ್ಯತ್ಯಾಸ ಬಲ್ಲವನು ಬೆಳ್ಳಿಯ ತೂಕಕ್ಕೆ ಮಾರುವ ರಾಶಿಯಿಂದ ಅದನ್ನು ಎತ್ತಿಕೊಳ್ಳಬಲ್ಲ. ಅರಿಯದವನು ಮನೆಯಲ್ಲಿದ್ದದ್ದನ್ನೂ ಅದೇ ರಾಶಿಗೆ ಹಾಕಿ ಬರುತ್ತಾನೆ.

ಇನ್ನೊಂದು ಆಕ್ಷೇಪ ಹೆಚ್ಚು ನ್ಯಾಯವಾದದ್ದು. ಕುಂದಗೋಳದಲ್ಲೋ ಅಣ್ಣಿಗೇರಿಯಲ್ಲೋ ಕೂತವನಿಗೆ ಓದಲು ಪುಸ್ತಕ ಎಲ್ಲಿ, ತೋರಿಸಲು ತಜ್ಞ ಎಲ್ಲಿ? ಪೇಟೆ ದೂರವಿರುವುದು ನಿಜ. ಆದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆ 1939ರಿಂದ ಇದೆ, ಅದರ ವಸ್ತುಸಂಗ್ರಹಾಲಯದಲ್ಲಿ ನಾಣ್ಯಗಳೂ ಇವೆ. ಬಸ್ಸು ಹತ್ತಿದರೆ ಒಂದೆರಡು ತಾಸಿನ ದಾರಿ. ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಮೇಲೆ 1975ರಲ್ಲಿ ಇಂಗ್ಲಿಷಿನಲ್ಲಿ ತಂದ ಪುಸ್ತಕ ಇಂದಿಗೂ ಕೆಲಸಕ್ಕೆ ಬರುತ್ತದೆ. ಬೆಂಗಳೂರು, ಮುಂಬೈಯ ಹರಾಜು ಸಂಸ್ಥೆಗಳು ತಮ್ಮ ಪಟ್ಟಿಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಡುತ್ತವೆ. ಅವನ್ನು ಕೊಳ್ಳುವುದಕ್ಕೆ ನೋಡಬೇಕಾಗಿಲ್ಲ, ಕಲಿಯುವುದಕ್ಕೆ ನೋಡಿ. ಪ್ರತಿ ನಾಣ್ಯದ ಎರಡೂ ಮುಖದ ಚಿತ್ರ, ತೂಕ, ಟಂಕಸಾಲೆ, ಸ್ಥಿತಿಯ ವಿವರ ಅಲ್ಲಿರುತ್ತದೆ. ಅಂಥ ಐವತ್ತು ಚಿತ್ರ ನೋಡಿದ ಕಣ್ಣಿಗೆ ಎರಕದ ನಕಲಿಯ ಮಂಕು ಅಕ್ಷರ, ಮೈಮೇಲಿನ ಸಣ್ಣ ಗುಳಿ, ಅಂಚಿನ ನಡುವೆ ಹಾದ ಜೋಡುಗೆರೆ ಥಟ್ಟನೆ ಕಾಣುತ್ತವೆ. ದೂರದಿಂದ ತರಿಸುವುದಾದರೆ ತೂಕ ಹೇಳದವನ, ಅಂಚಿನ ಚಿತ್ರ ಕಳಿಸದವನ, ವಾಪಸು ತೆಗೆದುಕೊಳ್ಳಲು ಒಪ್ಪದವನ ಬಳಿ ಕೊಳ್ಳಬೇಡಿ. ಕೊಂಡ ಮೇಲೆ ಯಾರಿಂದ, ಯಾವ ದಿನ, ಎಷ್ಟಕ್ಕೆ ಎಂದು ಒಂದು ಚೀಟಿ ಬರೆದು ನಾಣ್ಯದ ಜೊತೆಗಿಡಿ. ಮುಂದಿನವರಿಗೆ ಆ ಚೀಟಿಯೂ ನಾಣ್ಯದಷ್ಟೇ ಬೆಲೆಯದ್ದು.

ಮೂರನೆಯ ಮಾತು ಆಕ್ಷೇಪಕ್ಕಿಂತ ಎಚ್ಚರಿಕೆ. ಚಾಲುಕ್ಯರ ಕೊನೆಯ ಕಾಲದಲ್ಲಿ ರಾಜಧಾನಿಯಾಗಿದ್ದ ಅಣ್ಣಿಗೇರಿಯ ಸುತ್ತಿನ ನೆಲದಲ್ಲಿ, ಮಲಪ್ರಭೆಯ ಕಡೆಯ ಎರೆಹೊಲಗಳಲ್ಲಿ ನೇಗಿಲಿಗೋ ಜೆಸಿಬಿಗೋ ಹಳೆಯ ನಾಣ್ಯ ಸಿಕ್ಕರೆ ಆಶ್ಚರ್ಯವಿಲ್ಲ. ‘ಹೊಲದಾಗ ಸಿಕ್ಕೈತ್ರಿ, ಯಾರಿಗೂ ಹೇಳಬ್ಯಾಡ್ರಿ’ ಎಂದು ತೋರಿಸುವ ಬಂಗಾರದ ಬಿಲ್ಲೆ ಹೆಚ್ಚಿನ ಸಲ ಹಿತ್ತಾಳೆ. ಅಸಲಿಯಾಗಿದ್ದರಂತೂ ಕೊಳ್ಳಲೇಬಾರದು. ಕರ್ನಾಟಕದಲ್ಲಿ ಇದಕ್ಕೆಂದೇ 1962ರ ನಿಧಿ ಕಾಯ್ದೆ ಇದೆ, ಸಿಕ್ಕದ್ದನ್ನು ಸರಕಾರಕ್ಕೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಗೂ ಒಳಪಡುತ್ತದೆ, ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ದೇಶದ ಹೊರಗೆ ಒಯ್ಯುವಂತಿಲ್ಲ. ಕಾನೂನಿನ ಭಯಕ್ಕಿಂತ ದೊಡ್ಡ ಕಾರಣವೂ ಇದೆ. ಯಾವ ಹೊಲದಲ್ಲಿ, ಎಷ್ಟು ಆಳದಲ್ಲಿ, ಯಾವ ಮಡಕೆಯೊಳಗೆ, ಬೇರೆ ಯಾವ ನಾಣ್ಯಗಳ ಜೊತೆ ಸಿಕ್ಕಿತು ಅನ್ನುವುದು ಕಳೆದುಹೋದರೆ ಆ ನಾಣ್ಯದ ಅರ್ಧ ಓದು ಅಳಿಸಿದಂತೆ. ಚೂರು ಚೂರಾಗಿ ಮಾರಾಟವಾದ ನಿಧಿಯನ್ನು ಮತ್ತೆ ಯಾರೂ ಕೂಡಿಸಲಾರರು. ಆದ್ದರಿಂದ ಹವ್ಯಾಸಿಗಳಲ್ಲಿ ಒಂದು ಕಳಕಳಿಯ ಕೋರಿಕೆ: ಮಣ್ಣಿನಿಂದ ಬಂದದ್ದನ್ನು ಕೊಳ್ಳಬೇಡಿ. ನಿಮ್ಮೂರಿನ ರೈತರಿಗೆ ಹಳೆಯ ನಾಣ್ಯ ಸಿಕ್ಕಿದ್ದು ಗೊತ್ತಾದರೆ ತೊಳೆಯದೆ, ಪತ್ತಾರರ ಕಡೆ ಒಯ್ಯದೆ ತಹಶೀಲ್ದಾರರಿಗೆ ತಿಳಿಸುವಂತೆ ಹೇಳಿ. ಸರಕಾರ ಅದನ್ನು ತನ್ನದಾಗಿಸಿಕೊಂಡರೆ ಸಿಕ್ಕವರಿಗೆ ಪರಿಹಾರ ಕೊಡುವ ಅವಕಾಶ ಕಾನೂನಿನಲ್ಲೇ ಇದೆ ಅನ್ನುವುದನ್ನೂ ಮರೆಯದೆ ಅವರಿಗೆ ಹೇಳಿ.